ಧೂಮಕೇತುವು ಭೂಮಿಗೆ ಬಡಿದರೆ?
(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಕೋರ್ಟಿನ ಕಟ್ಟೆಯನ್ನು ಬಿಟ್ಟು ವಕೀಲರು ಆಕಾಶದ ಮಾತಿಗೆ ಬಂದುದೇಕೆಂದು ನಿಮ್ಮಲ್ಲಿ ಕೆಲವರು ಮನದಲ್ಲೇ ನಗುತ್ತಿರಬಹುದು. ನಮ್ಮ ಉತ್ತರವು ಸರಳವಾಗಿದೆ. ಮನುಷ್ಯನು ಧೂಮಕೇತುವಿನ ಮೇಲೆ ಹೂಡಿರುವ ದಾವೆಯಷ್ಟು ಹಳೆಯ ದಾವೆಯು ಯಾವ ನ್ಯಾಯಾಸ್ಥಾನದ ದಫ್ತರದಲ್ಲಿಯೂ ಸಿಕ್ಕಲಾರದು. ಅರಸನ ಮರಣ, ಪರಚಕ್ರದ ಭಯ, ಬರ, ಮಹಾಮಾರಿ ಇವೆಲ್ಲವೂ ಅದರ ತಲೆಗೆ ಕಟ್ಟಿದ ಆಪಾದನೆಗಳೇ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಕೇತುಚಾರವೆಂಬ ಅಧ್ಯಾಯವನ್ನೇ ಇದಕ್ಕಾಗಿ ಮೀಸಲಾಗಿ ಇಟ್ಟಿರುವನು. ನಮ್ಮ ಹಳ್ಳಿಗಳಲ್ಲಿ ಬಾಲಚುಕ್ಕೆಯು ಮೂಡಿತೆಂದರೆ ಇಂದಿಗೂ ಹಿರಿಯರು ಮಕ್ಕಳನ್ನು ಒಳಗೆ ಕರೆದುಕೊಳ್ಳುವರು. ಈ ಆಪಾದನೆಗಳಲ್ಲಿ ಬಹುತೇಕ ಎಲ್ಲವೂ ಪುರಾವೆಯಿಲ್ಲದೆ ವಜಾ ಆಗತಕ್ಕವೇ. ಆದರೆ ಒಂದು ಮಾತ್ರ ಹಾಗೆ ವಜಾ ಆಗತಕ್ಕದ್ದಲ್ಲ. ಅದು ನೇರವಾಗಿ ಬಂದು ನಮ್ಮ ಭೂಮಿಗೆ ಬಡಿಯಬಹುದೆಂಬುದೇ ಆ ಆಪಾದನೆ. ಹಾಗೆ ಬಡಿದರೆ ಏನಾದೀತೆಂಬುದನ್ನು ಸಾಕ್ಷಿಗಳ ಬಾಯಿಂದಲೇ ಕೇಳೋಣ.

ಮೊದಲು ಬಾಲದ ವಿಚಾರವನ್ನು ಮುಗಿಸಿಬಿಡೋಣ. ಏಕೆಂದರೆ ಜನರು ಹೆದರಿದ್ದೆಲ್ಲ ಬಾಲಕ್ಕೇ. ೧೯೧೦ನೆಯ ಇಸವಿಯಲ್ಲಿ ಹ್ಯಾಲಿಯ ಧೂಮಕೇತುವು ಬಂದಾಗ ಅದರಿಂದ ಬರುವ ಬೆಳಕನ್ನು ಒಡೆದು ನೋಡಿದ ವಿದ್ವಾಂಸರಿಗೆ ಸಯನೋಜನ್ ಎಂಬ ವಿಷವಾಯುವಿನ ಕುರುಹು ಕಂಡಿತು. ಮೇ ೧೮-೧೯ರ ಸುಮಾರಿಗೆ ಭೂಮಿಯು ಅದರ ಬಾಲದೊಳಗಿಂದಲೇ ಹಾಯುವ ಸಂಭವವಿದೆಯೆಂದು ಗಣಿತವೂ ಹೇಳಿತು. ಎರಡನ್ನೂ ಕೂಡಿಸಲು ಪತ್ರಿಕೆಗಳಿಗೆ ಎಷ್ಟು ಹೊತ್ತು ಬೇಕು? ಫ್ರಾನ್ಸಿನ ಖಗೋಲಜ್ಞನಾದ ಫ್ಲಾಮಾರಿಯಾನನು ಈ ವಾಯುವು ಗಾಳಿಯಲ್ಲಿ ಬೆರೆತು ಜೀವಕೋಟಿಯನ್ನೇ ಅಳಿಸೀತೆಂದು ಅಭಿಪ್ರಾಯಪಡುವನೆಂದು ನ್ಯೂಯಾರ್ಕಿನ ಪತ್ರಿಕೆಯು ಅಚ್ಚುಹಾಕಿತು. ತಾನು ಹಾಗೆ ನುಡಿದಿಲ್ಲವೆಂದು ಆತನು ಕೂಗಿಕೊಂಡರೂ ಆ ಕೂಗು ಸುದ್ದಿಯ ಬೆನ್ನುಹತ್ತಲಾರದೆ ಹೋಯಿತು. ಧೂಮಕೇತುವಿನ ಬಾಧೆಯನ್ನು ಕಳೆಯುವ ಗುಳಿಗೆಗಳು ಮಾರಾಟವಾದವು; ಜನರು ಬಾಗಿಲ ಸಂದುಗಳಿಗೆ ಅರಿವೆಯನ್ನು ತುರುಕಿ ಕುಳಿತರು. ಆ ದಿನ ಬಂದಿತು, ಹೋಯಿತು. ಯಾರೊಬ್ಬರ ಮೂಗಿಗೂ ಏನೂ ನಾತ ಬರಲಿಲ್ಲ.

ಆ ದಿನವೇ ಇನ್ನೊಂದು ಪರೀಕ್ಷೆಯು ನಡೆದಿತ್ತು. ಅದನ್ನು ನಮ್ಮ ಪಠ್ಯಪುಸ್ತಕಗಳು ಹೇಳದಿರುವದು ನಮಗೆ ಸೋಜಿಗ. ಧೂಮಕೇತುವು ಅಂದು ಸರಿಯಾಗಿ ಸೂರ್ಯನಿಗೂ ಭೂಮಿಗೂ ನಡುವೆ ಹಾಯತಕ್ಕದ್ದಿತ್ತು. ಎಲ್ಲರ್‌ಮನ್ ಎಂಬ ಅಮೇರಿಕೆಯ ವಿದ್ವಾಂಸನು ಹವಾಯಿ ದ್ವೀಪಕ್ಕೆ ದೂರದರ್ಶಕವನ್ನು ಸಾಗಿಸಿ, ಸೂರ್ಯಬಿಂಬದ ಮೇಲೆ ಅದರ ಕಪ್ಪು ಚುಕ್ಕೆಯು ಕಾಣುವದೋ ಎಂದು ಕಣ್ಣಿಟ್ಟು ಕಾದನು. ಏನೂ ಕಾಣಲಿಲ್ಲ. ಅರ್ಧ ಆಕಾಶವನ್ನು ಆವರಿಸಿದ್ದ ಆ ಭೂತದಲ್ಲಿ ಗಟ್ಟಿಯಾದ ಭಾಗವೆಂಬುದು, ಒಂದೂಕಾಲು ಕೋಟಿ ಮೈಲುಗಳಿಗೂ ಮಿಕ್ಕ ಆ ದೂರದಿಂದ ಗೋಚರಿಸದಷ್ಟು ಚಿಕ್ಕದಾಗಿತ್ತೆಂದು ಇದರಿಂದ ಸಿದ್ಧವಾಯಿತು. ಬಾಲವಾದರೋ ನಮ್ಮ ಪ್ರಯೋಗಶಾಲೆಗಳಲ್ಲಿ ಪಂಪಿನಿಂದ ಗಾಳಿಯನ್ನು ಎಳೆದು ಮಾಡುವ ನಿರ್ವಾತಕ್ಕಿಂತಲೂ ತೆಳುವಾದದ್ದು. ಬಾಲದ ಮೇಲಿನ ಮೊಕದ್ದಮೆಯು ಇಲ್ಲಿಗೆ ಖುಲಾಸೆ.

ಇನ್ನು ತಲೆಯ ವಿಚಾರ. ೧೯೮೬ರ ಮಾರ್ಚಿನಲ್ಲಿ ಅದೇ ಹ್ಯಾಲಿಯ ಧೂಮಕೇತುವು ಮರಳಿ ಬಂದಾಗ ಯೂರೋಪಿನವರ ಜೊಟ್ಟೊ ಎಂಬ ನೌಕೆಯು ಅದರ ನಡುಬೀಜದಿಂದ ೪೦೦ ಮೈಲಿಗಿಂತ ಕಡಿಮೆ ದೂರದಲ್ಲಿ ಹಾಯ್ದುಹೋಯಿತು. ಕಂಡದ್ದು ಸುಮಾರು ೯ ಮೈಲು ಉದ್ದ, ೫ ಮೈಲು ಅಗಲದ ಒಂದು ಅಡ್ಡಾದಿಡ್ಡಿ ಹೆಂಟೆ. ಬಣ್ಣವು ಇದ್ದಲಿಗಿಂತ ಕಪ್ಪು. ಒಳಗೆ ನೀರಿನ ಮಂಜುಗಡ್ಡೆ, ಧೂಳು, ಹೆಪ್ಪುಗಟ್ಟಿದ ವಾಯುಗಳು. ೨೦೧೪ರಲ್ಲಿ ಇನ್ನೊಂದು ಧೂಮಕೇತುವಿನ ಮೇಲೆ ಯಂತ್ರವೊಂದನ್ನು ಇಳಿಸಿಯೇ ನೋಡಿದರು. ಅದನ್ನು ತೂಗಿ ಬಂದ ಲೆಕ್ಕವೇನೆಂದರೆ, ಅದೇ ಗಾತ್ರದ ನೀರಿನ ಅರ್ಧದಷ್ಟು ಮಾತ್ರ ಅದರ ತೂಕ. ಕಲ್ಲಲ್ಲ, ಕಬ್ಬಿಣವಲ್ಲ, ಹೊರಗೆ ಗಟ್ಟಿ, ಒಳಗೆ ಟೊಳ್ಳು ಟೊಳ್ಳಾದ ಕೊಳೆಹಿಮದ ಉಂಡೆ. ಹೀಗಿರುವಲ್ಲಿ ಇದರಿಂದ ಭೂಮಿಗೇನು ಭಯವೆಂದು ನೀವು ಕೇಳಬಹುದು.

ಭಯವಿರುವದು ತೂಕದಲ್ಲಲ್ಲ, ವೇಗದಲ್ಲಿ. ಇಲ್ಲಿ ಕುಳಿತ ಗಣಿತದ ಮಾಸ್ತರರು ನಾಳೆ ಹಲಗೆಯ ಮೇಲೆ ಈ ಲೆಕ್ಕವನ್ನು ಮಾಡಿ ತೋರಿಸಬಹುದು. ಐದು ಫರ್ಲಾಂಗು, ಅಂದರೆ ಒಂದು ಕಿಲೋಮೀಟರು ವ್ಯಾಸದ ಒಂದು ಚಿಕ್ಕ ಧೂಮಕೇತುವನ್ನು ತೆಗೆದುಕೊಳ್ಳಿರಿ. ನೀರಿನ ಹತ್ತರಲ್ಲಾರು ಪಾಲು ಸಾಂದ್ರತೆಯೆಂದು ಹಿಡಿದರೆ ಅದರ ತೂಕವು ಸುಮಾರು ೩೧ ಕೋಟಿ ಟನ್ನು ಆಗುವದು. ಸೌರಮಂಡಲದ ಅಂಚಿನಿಂದ ಬೀಳುತ್ತ ಬರುವ ಧೂಮಕೇತುಗಳಿಗೆ ನಮ್ಮನ್ನು ಮುಟ್ಟುವ ಹೊತ್ತಿಗೆ ಸೆಕೆಂಡಿಗೆ ೫೦ ಕಿಲೋಮೀಟರು ವೇಗವು ಅಸಾಧಾರಣವಲ್ಲ; ಎದುರುಬದುರಾಗಿ ಬಂದರೆ ೭೦ನ್ನೂ ದಾಟುವದು. ೫೦ ಎಂದರೆ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಲು ಅರ್ಧ ಸೆಕೆಂಡೂ ಬೇಡ. ವೇಗದ ವರ್ಗವನ್ನು ತೂಕದ ಅರ್ಧದಿಂದ ಗುಣಿಸಿ ನೋಡಿರಿ. ೧೯೪೫ರಲ್ಲಿ ಹಿರೋಶಿಮೆಯನ್ನು ಸುಟ್ಟ ಬಾಂಬಿನಂಥವು ಅರುವತ್ತು ಲಕ್ಷ ಒಮ್ಮೆಲೆ ಸಿಡಿದಷ್ಟು ಶಕ್ತಿಯು ಹೊರಡುವದು. ಕ್ಷುದ್ರಗ್ರಹಗಳೆಂಬ ಕಲ್ಲುಬಂಡೆಗಳು ಸಾಮಾನ್ಯವಾಗಿ ಸೆಕೆಂಡಿಗೆ ೨೦ ಕಿಲೋಮೀಟರಿನ ಆಸುಪಾಸಿನಲ್ಲಿ ಬರುವವು. ಆದುದರಿಂದ ಹಗುರಾದ ಹಿಮದುಂಡೆಯಾದರೂ ಪೆಟ್ಟಿನಲ್ಲಿ ಬಂಡೆಗೆ ಕಡಿಮೆಯಾದದ್ದಲ್ಲ.

ಇದು ಕಾಗದದ ಲೆಕ್ಕವಾಯಿತು. ಕಣ್ಣಿನಿಂದ ಕಂಡ ಸಾಕ್ಷಿಯಿದೆಯೆ? ಇದೆ. ೧೯೯೩ರ ಮಾರ್ಚಿನಲ್ಲಿ ಶೂಮೇಕರ್ ದಂಪತಿಗಳೂ ಲೀವಿ ಎಂಬವರೂ ಕೂಡಿ ಕ್ಯಾಲಿಫೋರ್ನಿಯದ ಪಾಲೊಮಾರ್ ಬೆಟ್ಟದಿಂದ ಒಂದು ವಿಚಿತ್ರ ಧೂಮಕೇತುವನ್ನು ಕಂಡುಹಿಡಿದರು. ಅದು ಗುರುಗ್ರಹದ ಹತ್ತಿರ ಹಾಯ್ದು ಅದರ ಸೆಳೆತಕ್ಕೆ ಚೂರುಚೂರಾಗಿ, ಮುತ್ತಿನ ಸರದಂತೆ ಸಾಲಾಗಿ ಸುತ್ತುತ್ತಿತ್ತು. ೧೯೯೪ರ ಜುಲೈ ೧೬ರಿಂದ ೨೨ರ ವರೆಗೆ ಇಪ್ಪತ್ತಕ್ಕೂ ಹೆಚ್ಚು ಚೂರುಗಳು ಒಂದಾದ ಮೇಲೊಂದರಂತೆ ಗುರುವಿಗೆ ಬಡಿದವು. ಜಗತ್ತಿನ ದೂರದರ್ಶಕಗಳೆಲ್ಲ ಅತ್ತ ತಿರುಗಿದ್ದವು. ಇಡೀ ಧೂಮಕೇತುವಿನ ಮೂಲ ಗಾತ್ರವು ಒಂದು ಮೈಲಿನ ಆಸುಪಾಸಿನದೆಂದು ಹೆಚ್ಚಿನ ವಿದ್ವಾಂಸರ ಮತ. ಅಂದ ಮೇಲೆ ಚೂರುಗಳ ಗಾತ್ರವನ್ನು ನೀವೇ ಊಹಿಸಿರಿ. ಅವುಗಳಲ್ಲಿ ದೊಡ್ಡದೊಂದು ಜುಲೈ ೧೮ರಂದು ಬಿದ್ದಾಗ ಗುರುವಿನ ಮೋಡಗಳ ಮೇಲೆ ಮೂಡಿದ ಕಪ್ಪು ಕಲೆಯು ನಮ್ಮ ಭೂಮಿಯಷ್ಟೇ ಅಗಲವಾಗಿತ್ತು. ಆ ಕಲೆಗಳು ಅಳಿಯಲು ತಿಂಗಳುಗಟ್ಟಲೆ ಹಿಡಿಯಿತು. ಗುರುವಿಗೆ ಇದರಿಂದ ಏನೂ ಆಗಲಿಲ್ಲ, ನಿಜ. ಆದರೆ ಅಲ್ಲಿ ಜೋಳ ಬೆಳೆಯುವವರು ಯಾರೂ ಇರಲಿಲ್ಲ.

ಜೋಳದ ಮಾತನ್ನು ನಾವು ವಿನೋದಕ್ಕೆ ಎತ್ತಿಲ್ಲ; ನಮ್ಮ ಇಂದಿನ ಭಾಷಣದ ಕೇಂದ್ರವೇ ಅದು. ದೊಡ್ಡ ಧೂಮಕೇತುವು ಬಡಿದರೆ ಸಾಯುವವರಲ್ಲಿ ಪೆಟ್ಟಿನಿಂದ ಸಾಯುವವರು ಒಂದು ಪಾಲು. ಮಿಕ್ಕವರು ಬಹು ದೂರದಲ್ಲಿ, ಬಹು ದಿನಗಳ ಮೇಲೆ, ಹಸಿವಿನಿಂದ ಸಾಯುವರು. ಇದನ್ನು ತಿಳಿಯಲು ಭೂಮಿಯ ಹಳೆಯ ದಫ್ತರವನ್ನು ತೆರೆಯಬೇಕು.

ಇಟಲಿಯ ಗುಬ್ಬಿಯೊ ಎಂಬ ಊರಿನ ಹತ್ತಿರ ಸುಣ್ಣಗಲ್ಲಿನ ಪದರುಗಳ ನಡುವೆ ಬೆರಳಿನಷ್ಟು ದಪ್ಪದ ಒಂದು ಜೇಡಿಮಣ್ಣಿನ ಪದರವಿದೆ. ೧೯೮೦ರಲ್ಲಿ ಲೂಯಿ ಆಲ್ವಾರೆಜ್ ಮತ್ತು ಅವನ ಮಗ ವಾಲ್ಟರ್, ಇನ್ನಿಬ್ಬರು ರಸಾಯನಜ್ಞರೊಡನೆ ಕೂಡಿ, ಆ ಮಣ್ಣಿನಲ್ಲಿ ಇರಿಡಿಯಮ್ ಎಂಬ ಲೋಹವು ಅಕ್ಕಪಕ್ಕದ ಕಲ್ಲಿಗಿಂತ ಮೂವತ್ತು ಪಟ್ಟು ಹೆಚ್ಚಾಗಿರುವದೆಂದು ಪ್ರಕಟಿಸಿದರು. ಈ ಲೋಹವು ಭೂಮಿಯ ಮೇಲ್ಪದರಿನಲ್ಲಿ ಅತಿ ವಿರಳ, ಆಕಾಶದಿಂದ ಬಿದ್ದ ಕಲ್ಲುಗಳಲ್ಲಿ ಹೇರಳ. ಮುಂದೆ ಮೆಕ್ಸಿಕೋ ದೇಶದ ಚಿಕ್ಷುಲೂಬ್ ಎಂಬ ಹಳ್ಳಿಯ ನೆಲದಡಿಯಲ್ಲಿ ಸುಮಾರು ೧೧೦ ಮೈಲು ಅಗಲದ ಹೂತುಹೋದ ಕುಳಿಯು ಸಿಕ್ಕಿತು. ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಆರು ಮೈಲು ಗಾತ್ರದ ಕಾಯವೊಂದು ಅಲ್ಲಿ ಬಡಿದಿತ್ತು. ಡೈನೋಸಾರುಗಳೆಂಬ ಮಹೋರಗಗಳು ಅಳಿದದ್ದು ಆಗಲೇ. ಆಗಿದ್ದ ಜೀವಜಾತಿಗಳಲ್ಲಿ ಮುಕ್ಕಾಲು ಪಾಲು ಅಳಿದವು. ಆ ಕಾಯವು ಧೂಮಕೇತುವೋ ಕ್ಷುದ್ರಗ್ರಹವೋ ಎಂಬ ವ್ಯಾಜ್ಯವು ಬಹುಕಾಲ ನಡೆಯಿತು. ೨೦೨೪ರಲ್ಲಿ ಆ ಮಣ್ಣಿನೊಳಗಿನ ರುಥೇನಿಯಮ್ ಲೋಹವನ್ನು ಪರೀಕ್ಷಿಸಿ, ಅದು ಗುರುಗ್ರಹದ ಆಚೆ ಹುಟ್ಟಿದ ಇಂಗಾಲಯುಕ್ತ ಕ್ಷುದ್ರಗ್ರಹವೇ ಹೊರತು ಧೂಮಕೇತುವಲ್ಲವೆಂದು ತೋರಿಸಿರುವರು. ನಮ್ಮ ಮಟ್ಟಿಗೆ ಈ ಭೇದವು ಅಷ್ಟು ಮುಖ್ಯವಲ್ಲ. ಪೆಟ್ಟು ತಿಂದವನಿಗೆ ಕೋಲು ಯಾವ ಮರದ್ದೆಂಬುದರಿಂದ ಏನಾಗಬೇಕು?

ಮುಖ್ಯವಾದದ್ದು ಪೆಟ್ಟಿನ ಮುಂದಿನ ಕಥೆ. ಮೊದಲ ಗಂಟೆಗಳಲ್ಲಿ ಭೂಕಂಪ, ಸಮುದ್ರದ ಮಹಾತರಂಗ, ಮೇಲಕ್ಕೆ ಹಾರಿದ ಕಲ್ಲುಪುಡಿಯು ಕೆಂಡವಾಗಿ ಮರಳಿ ಬೀಳುವಾಗಿನ ಉರಿ. ಇದೆಲ್ಲ ಭಯಂಕರವೇ, ಆದರೆ ಬೇಗ ಮುಗಿಯತಕ್ಕದ್ದು. ಆ ಮೇಲೆ ಸೂಕ್ಷ್ಮವಾದ ಧೂಳು, ಉರಿದ ಕಾಡುಗಳ ಮಸಿ, ಅಲ್ಲಿಯ ನೆಲದಲ್ಲಿದ್ದ ಗಂಧಕದ ಹೊಗೆ ಇವು ಮಳೆಯ ಮೋಡಗಳಿಗಿಂತ ಮೇಲಿನ ಪದರಿಗೆ ಏರಿ ಭೂಮಂಡಲವನ್ನೆಲ್ಲ ಮುಸುಕಿದವು. ಅಲ್ಲಿಗೆ ಏರಿದ ಧೂಳನ್ನು ತೊಳೆಯಲು ಮಳೆಯೇ ಇಲ್ಲ. ಬಿಸಿಲು ನೆಲಕ್ಕೆ ತಲುಪದೆ ಗಿಡಗಳು ಅನ್ನವನ್ನು ಮಾಡಿಕೊಳ್ಳಲಾರದೆ ಹೋದವು. ಗಿಡ ತಿನ್ನುವವು ಸತ್ತವು. ಅವನ್ನು ತಿನ್ನುವವೂ ಸತ್ತವು. ಬೀಜ ತಿಂದು, ಬಿಲದಲ್ಲಿ ಅಡಗಿ, ಸ್ವಲ್ಪದರಲ್ಲಿ ಹೊಟ್ಟೆ ಹೊರೆಯಬಲ್ಲ ಇಲಿಯಷ್ಟು ಚಿಕ್ಕ ಪ್ರಾಣಿಗಳು ಉಳಿದವು. ನಾವೆಲ್ಲರೂ ಆ ಉಳಿದವರ ವಂಶದವರೇ.

ಇಲ್ಲಿ ನಮ್ಮ ನಾಡಿನ ಒಂದು ಸಂಬಂಧವನ್ನು ಹೇಳದೆ ಮುಂದೆ ಹೋಗಲಾರೆವು. ಬೀದರ, ಕಲಬುರ್ಗಿ, ವಿಜಾಪುರ, ಬೆಳಗಾವಿಗಳ ಕಡೆಯ ಕಪ್ಪುಕಲ್ಲು ಜ್ವಾಲಾಮುಖಿಯ ರಸವು ಹರಿದು ಆರಿದ್ದು. ಅದು ಸವೆದೇ ನಮ್ಮ ಎರೆಭೂಮಿಯಾಯಿತು. ದಖ್ಖಣದ ಆ ರಸಪ್ರವಾಹವು ಹರಿಯುತ್ತಿದ್ದುದು ಈ ಪೆಟ್ಟಿನ ಹಿಂದುಮುಂದಿನ ಕಾಲದಲ್ಲಿಯೇ. ಆದುದರಿಂದ ಮಹೋರಗಗಳ ಅಳಿವಿನಲ್ಲಿ ದಖ್ಖಣದ ಹೊಗೆಯ ಪಾಲು ಎಷ್ಟು, ಆಕಾಶದ ಕಲ್ಲಿನ ಪಾಲು ಎಷ್ಟೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಿರುವರು. ಹೆಚ್ಚಿನ ಪುರಾವೆಯು ಕಲ್ಲಿನ ಕಡೆಗೇ ವಾಲುತ್ತದೆ. ಆದರೂ ಹಿಂಗಾರಿ ಬಿಳಿಜೋಳವನ್ನು ಬಿತ್ತುವ ಒಕ್ಕಲಿಗನ ಕಾಲ ಕೆಳಗಿನ ಮಣ್ಣು ಈ ಮೊಕದ್ದಮೆಯಲ್ಲಿ ಸಹ-ಆರೋಪಿಯೆಂಬುದನ್ನು ಶಾಲೆಯ ಮಕ್ಕಳಿಗೆ ಹೇಳಿದರೆ, ಭೂಗೋಲದ ಪಾಠವು ಅವರಿಗೆ ಮರೆಯಲಾರದು.

ಆರು ಮೈಲಿನ ಕಾಯವು ಕೋಟಿಗಟ್ಟಲೆ ವರ್ಷಗಳಿಗೊಮ್ಮೆ ಬರತಕ್ಕದ್ದು. ಅದರ ಚಿಂತೆಯನ್ನು ನಾವು ಬಿಡಬಹುದು. ಐದು ಫರ್ಲಾಂಗಿನದು ಸುಮಾರು ಐದು ಲಕ್ಷ ವರ್ಷಗಳಿಗೊಮ್ಮೆ ಎಂದು ಅಂದಾಜು, ಅದರಲ್ಲಿಯೂ ಧೂಮಕೇತುಗಳ ಪಾಲು ಬಹು ಸಣ್ಣದು. ಆದರೂ ಅಂಥದೊಂದು ಬಿದ್ದರೆ ಏನೆಂಬುದನ್ನು ಹೋಲಿಕೆಯಿಂದ ತಿಳಿಯಬಹುದು. ೧೮೧೫ರ ಏಪ್ರಿಲಿನಲ್ಲಿ ಜಾವಾದ ಪೂರ್ವಕ್ಕಿರುವ ತಂಬೋರಾ ಎಂಬ ಬೆಟ್ಟವು ಸಿಡಿದು ಗಂಧಕದ ಹೊಗೆಯನ್ನು ಎತ್ತರಕ್ಕೆ ಎಸೆಯಿತು. ಭೂಮಿಯ ಸರಾಸರಿ ಉಷ್ಣತೆಯು ಇಳಿದದ್ದು ಸೆಂಟಿಗ್ರೇಡಿನ ಅರ್ಧ ಡಿಗ್ರಿಯ ಸುಮಾರು. ಕೇವಲ ಅರ್ಧ ಡಿಗ್ರಿ! ಆದರೆ ಮರುವರುಷ ಯೂರೋಪಿನಲ್ಲಿಯೂ ಅಮೇರಿಕೆಯ ಈಶಾನ್ಯದಲ್ಲಿಯೂ ಬೇಸಿಗೆಯೇ ಬರಲಿಲ್ಲ. ಜೂನ್ ತಿಂಗಳಲ್ಲಿ ಹಿಮ ಬಿದ್ದು ಪೈರು ಕಮರಿತು, ಜನರು ರೊಟ್ಟಿಗಾಗಿ ದಂಗೆಯೆದ್ದರು. ಈಗ ಇನ್ನೊಂದು ಲೆಕ್ಕವನ್ನು ಕೇಳಿರಿ. ಬೆನ್ನು ಎಂಬ ಅರ್ಧ ಕಿಲೋಮೀಟರಿನ ಕ್ಷುದ್ರಗ್ರಹದಂಥದು ಬಡಿದು ಹತ್ತರಿಂದ ನಾಲ್ವತ್ತು ಕೋಟಿ ಟನ್ನು ಧೂಳನ್ನು ಮೇಲಕ್ಕೆ ಎಬ್ಬಿಸಿದರೆ ಏನಾದೀತೆಂದು ದಕ್ಷಿಣ ಕೊರಿಯದ ವಿದ್ವಾಂಸರು ಗಣಕಯಂತ್ರದಿಂದ ಎಣಿಸಿ ೨೦೨೫ರಲ್ಲಿ ಪ್ರಕಟಿಸಿದರು. ಧೂಳು ಅತಿ ಹೆಚ್ಚಾದಲ್ಲಿ ಉಷ್ಣತೆಯು ೪ ಡಿಗ್ರಿ ಇಳಿಯುವದು. ಜಗತ್ತಿನ ಮಳೆಯು ನೂರಕ್ಕೆ ಹದಿನೈದು ಪಾಲು ಕಡಿಮೆಯಾಗುವದು. ಮೂರು ನಾಲ್ಕು ವರ್ಷ ಈ ಸ್ಥಿತಿಯು ನಿಲ್ಲುವದು.

ನೂರಕ್ಕೆ ಹದಿನೈದು ಎಂಬುದು ಕಾಗದದ ಮೇಲೆ ಚಿಕ್ಕದಾಗಿ ಕಾಣುವದು. ಮುಂಗಾರೆಂದರೆ ಬಿಸಿಲಿನಿಂದ ಕಾದ ನೆಲವು ಕಡಲ ಗಾಳಿಯನ್ನು ಒಳಕ್ಕೆ ಎಳೆಯುವ ಕೆಲಸ. ಬಿಸಿಲೇ ಕುಂದಿದರೆ ಎಳೆಯುವವರು ಯಾರು? ೧೮೭೬ರಲ್ಲಿ ಮಳೆಯು ತಪ್ಪಿದಾಗ ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿಗಳ ಗತಿ ಏನಾಯಿತೆಂಬುದನ್ನು ನಮ್ಮ ಅಜ್ಜಂದಿರ ಬಾಯಿಂದ ಬಂದ ಮಾತುಗಳು ಇನ್ನೂ ಹೇಳುತ್ತಿವೆ. ಎರಡು ವರ್ಷ ನಡೆದ ಆ ಬರದಲ್ಲಿ ಊರಿಗೆ ಊರೇ ಬರಿದಾದವು. ಅದೇ ವರ್ಷಗಳಲ್ಲಿ ಹಿಂದುಸ್ಥಾನದ ಬಂದರುಗಳಿಂದ ಗೋದಿಯು ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತಿದ್ದಿತು! ಅಂದರೆ ಬರದಲ್ಲಿ ಕೊಲ್ಲುವದು ಮಳೆಯ ಅಭಾವವೊಂದೇ ಅಲ್ಲ. ಕಾಳು ಯಾರ ಕೈಯಲ್ಲಿದೆ, ಯಾರ ಅಪ್ಪಣೆಯಿಂದ ಸಾಗುತ್ತಿದೆ ಎಂಬುದೂ ಕೊಲ್ಲುವದು. ಅಂದಿನ ಬರಕ್ಕೆ ಮಳೆಯಾದ ಸೀಮೆಯಿಂದಾದರೂ ಕಾಳನ್ನು ತರಬಹುದಾಗಿತ್ತು. ಆಕಾಶವೇ ಮುಸುಕಿದಾಗ ಮಳೆಯಾದ ಸೀಮೆಯು ಎಲ್ಲಿ ಉಳಿಯುವದು? ಇಂದು ಜಗತ್ತಿನ ಕಣಜಗಳಲ್ಲೆಲ್ಲ ಸೇರಿ ಇರುವ ಧಾನ್ಯದ ಉಳಿಕೆಯು ಒಂದು ವರ್ಷದ ಬಳಕೆಯ ನೂರಕ್ಕೆ ಸುಮಾರು ಮೂವತ್ತು ಪಾಲು. ಅದರಲ್ಲಿಯೂ ದೊಡ್ಡ ಪಾಲು ಚೀನ ದೇಶದ್ದು. ಧೂಮಕೇತುವಿನ ವಿರುದ್ಧ ಕೋಟೆಯನ್ನು ಆಕಾಶದಲ್ಲಿ ಮಾತ್ರ ಕಟ್ಟಬೇಕೆಂದು ಬಗೆಯುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಹಾಗಾದರೆ ಮುಂಚಿತವಾಗಿ ನೋಟೀಸು ಸಿಕ್ಕುವದೋ? ಕ್ಷುದ್ರಗ್ರಹಗಳಿಗೂ ಧೂಮಕೇತುಗಳಿಗೂ ನಿಜವಾದ ಭೇದವು ಬರುವದು ಇಲ್ಲಿಯೇ. ನಮ್ಮ ನೆರೆಯಲ್ಲಿ ಸುತ್ತುವ ಒಂದು ಕಿಲೋಮೀಟರಿಗೂ ದೊಡ್ಡ ಕ್ಷುದ್ರಗ್ರಹಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟನ್ನು ಗುರುತಿಸಿ ಪಟ್ಟಿ ಮಾಡಿಯಾಗಿದೆ. ಅವು ಊರಿನ ಹಳೆಯ ಪುಂಡರಂತೆ. ಎಲ್ಲಿ ಓಡಾಡುವರೆಂದು ಪೋಲೀಸರಿಗೆ ಗೊತ್ತು. ದೀರ್ಘಾವಧಿಯ ಧೂಮಕೇತುವು ಹಾಗಲ್ಲ. ಸಾವಿರಾರು ವರ್ಷ ಕತ್ತಲಲ್ಲಿದ್ದು, ಸೂರ್ಯನ ಹತ್ತಿರ ಬಂದು ಬಾಲ ಬಿಚ್ಚಿದ ಮೇಲೆಯೇ ಅದು ಕಣ್ಣಿಗೆ ಬೀಳುವದು. ೧೭೭೦ರ ಜೂನ್ ೧೪ರಂದು ಮೆಸಿಯೇ ಎಂಬವನು ಕಂಡ ಧೂಮಕೇತುವು ಜುಲೈ ೧ಕ್ಕೆ ಭೂಮಿಯಿಂದ ೧೪ ಲಕ್ಷ ಮೈಲು ದೂರದಲ್ಲಿತ್ತು. ನಡುವೆ ಹದಿನೇಳು ದಿನ! ಅದು ಹಳೆಯ ಕಾಲವೆನ್ನುವಿರೋ? ೧೯೮೩ರ ಏಪ್ರಿಲ್ ೨೫ಕ್ಕೆ ಕಂಡ ಇನ್ನೊಂದು ಮೇ ೧೧ಕ್ಕೆ ೩೦ ಲಕ್ಷ ಮೈಲಿಗಿಂತ ಹತ್ತಿರ ಬಂದು ಹೋಯಿತು. ಅಲ್ಲಿಯೂ ಹದಿನಾರೇ ದಿನ.

ಈಗ ನೋಡುವ ಯಂತ್ರಗಳು ಬೆಳೆದಿವೆ. ಅವಧಿಯೂ ತಕ್ಕಮಟ್ಟಿಗೆ ಹೆಚ್ಚಿದೆ. ೨೦೧೩ರ ಜನವರಿಯಲ್ಲಿ ಆಸ್ಟ್ರೇಲಿಯದ ಸೈಡಿಂಗ್ ಸ್ಪ್ರಿಂಗ್ ವೇಧಶಾಲೆಯಿಂದ ಒಂದು ಧೂಮಕೇತುವನ್ನು ಕಂಡರು. ಅದು ಮಂಗಳ ಗ್ರಹಕ್ಕೆ ಬಡಿದರೂ ಬಡಿದೀತೆಂದು ಮೊದಲ ಗಣಿತವು ಹೇಳಿತು. ಬಡಿಯಲಿಲ್ಲ, ೨೦೧೪ರ ಅಕ್ಟೋಬರ್ ೧೯ರಂದು ೮೭,೦೦೦ ಮೈಲು ದೂರದಲ್ಲಿ ಹಾಯ್ದುಹೋಯಿತು. ಚಂದ್ರನು ನಮ್ಮಿಂದ ಇರುವ ದೂರದಲ್ಲಿ ಅದು ಅರ್ಧವೂ ಅಲ್ಲ. ಅಂದು ಮಂಗಳವನ್ನು ಸುತ್ತುತ್ತಿದ್ದ ನೌಕೆಗಳಲ್ಲಿ ನಮ್ಮ ದೇಶದ ಮಂಗಳಯಾನವೂ ಒಂದು. ಅದು ಅಲ್ಲಿಗೆ ಮುಟ್ಟಿ ಒಂದು ತಿಂಗಳೂ ಆಗಿರಲಿಲ್ಲ. ಬೆಂಗಳೂರಿನಲ್ಲಿ ಕುಳಿತು ಅದನ್ನು ನಡೆಸುತ್ತಿದ್ದವರು ಹತ್ತಾರು ದಿನ ಮೊದಲೇ ಅದರ ಹಾದಿಯನ್ನು ತಿದ್ದಿ, ಧೂಳು ಹಾಯುವ ಹೊತ್ತಿಗೆ ನೌಕೆಯು ಮಂಗಳದ ಮರೆಯಲ್ಲಿರುವಂತೆ ಮಾಡಿದರು. ಧೂಮಕೇತುವಿನಿಂದ ಕಾಪಾಡುವ ಕೆಲಸವನ್ನು ಬೆಂಗಳೂರಿನವರು ಒಮ್ಮೆ ಮಾಡಿ ಗೆದ್ದಿರುವರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಆದರೆ ಕಂಡದ್ದಕ್ಕೂ ಬಂದದ್ದಕ್ಕೂ ನಡುವೆ ಇದ್ದುದು ಇಪ್ಪತ್ತೊಂದೂವರೆ ತಿಂಗಳು. ನೌಕೆಗೆ ಮರೆಯಾಗಲು ಒಂದು ಗ್ರಹವಿತ್ತು. ಗ್ರಹಕ್ಕೆ ಮರೆಯಾಗಲು ಏನಿದೆ?

ಮರೆಯಿಲ್ಲದಿದ್ದರೆ ತಳ್ಳಬೇಕು. ತಳ್ಳಬಹುದೆಂಬುದನ್ನು ಅಮೇರಿಕೆಯವರು ತೋರಿಸಿಕೊಟ್ಟರು. ೨೦೨೨ರ ಸೆಪ್ಟೆಂಬರ್ ೨೬ರಂದು ಅವರ ಡಾರ್ಟ್ ಎಂಬ ನೌಕೆಯು ಡಿಮಾರ್ಫಸ್ ಎಂಬ ಸಣ್ಣ ಬಂಡೆಗೆ ಬೇಕೆಂದೇ ಡಿಕ್ಕಿ ಹೊಡೆಯಿತು. ೧೧ ಗಂಟೆ ೫೫ ನಿಮಿಷಗಳಲ್ಲಿ ತನ್ನ ದೊಡ್ಡಣ್ಣನನ್ನು ಸುತ್ತುತ್ತಿದ್ದ ಆ ಬಂಡೆಯು ಆ ಮೇಲೆ ಅರ್ಧ ಗಂಟೆಗೂ ಹೆಚ್ಚು ಬೇಗ ಸುತ್ತತೊಡಗಿತು. ಮೆಚ್ಚತಕ್ಕ ಕೆಲಸ. ಆದರೆ ಆ ಬಂಡೆಯು ೧೬೦ ಮೀಟರಿನದು, ಅದರ ಹಾದಿಯು ಮುಂಚೆಯೇ ಗೊತ್ತಿದ್ದದ್ದು, ನೌಕೆಯ ಸಿದ್ಧತೆಗೆ ವರ್ಷಗಳೇ ಹಿಡಿದಿದ್ದವು. ಐದು ಫರ್ಲಾಂಗಿನ ಧೂಮಕೇತುವು ಇದಕ್ಕಿಂತ ನೂರು ಪಟ್ಟಿನ ಲೆಕ್ಕದಲ್ಲಿ ದೊಡ್ಡ ಗಾತ್ರದ್ದು. ಅದು ಕೊಡುವ ಅವಧಿಯು ಒಂದೆರಡು ವರ್ಷ. ಅದಕ್ಕಾಗಿ ಪರಮಾಣು ಬಾಂಬಿನ ಮಾತನ್ನು ಎತ್ತುವವರಿದ್ದಾರೆ.

ಇಲ್ಲಿ ವಕೀಲರ ಕೆಲಸವು ಬರುವದು. ೧೯೬೩ರ ಒಪ್ಪಂದವು ಅಂತರಿಕ್ಷದಲ್ಲಿ ಪರಮಾಣು ಸ್ಫೋಟವನ್ನು ನಿಷೇಧಿಸಿದೆ. ೧೯೬೭ರದು ಅಂಥ ಆಯುಧಗಳನ್ನು ಭೂಮಿಯ ಸುತ್ತ ಇಡಕೂಡದೆಂದಿದೆ. ಈ ಎರಡೂ ಒಳ್ಳೆಯ ಕಾಯದೆಗಳು; ಮನುಷ್ಯನ ಕೈಯಿಂದ ಮನುಷ್ಯನನ್ನು ಉಳಿಸಲು ಬರೆದವು. ಹಾಗಾದರೆ ಅಪ್ಪಣೆಯನ್ನು ಕೊಡತಕ್ಕವರು ಯಾರು? ಇನ್ನೊಂದು ಪ್ರಶ್ನೆಯು ಇದಕ್ಕಿಂತ ಕಠಿಣವಾದದ್ದು. ಬರುವ ಕಾಯವನ್ನು ತಳ್ಳತೊಡಗಿದರೆ ಅದು ಬೀಳಬಹುದಾದ ಸ್ಥಳವು ಭೂಮಿಯ ಮೇಲೆ ಒಂದು ಗೆರೆಯಗುಂಟ ಸರಿಯುತ್ತ ಹೋಗುವದು. ಪೂರಾ ತಳ್ಳಿದರೆ ಎಲ್ಲರೂ ಉಳಿದರು. ತಳ್ಳುವದು ಅರ್ಧಕ್ಕೆ ನಿಂತರೆ, ಒಬ್ಬರ ಮನೆಯ ಮೇಲೆ ಬೀಳತಕ್ಕದ್ದು ಇನ್ನೊಬ್ಬರ ಮನೆಯ ಮೇಲೆ ಬಿದ್ದೀತು. ೧೯೭೨ರ ನಷ್ಟಪರಿಹಾರದ ಒಪ್ಪಂದವು ಮನುಷ್ಯನು ಹಾರಿಸಿದ ವಸ್ತುಗಳನ್ನು ಕುರಿತದ್ದು. ಇಂಥ ಕಾಯದ ವಿಚಾರವನ್ನು ಅದು ಎತ್ತಿಲ್ಲ. ವಿಶ್ವಸಂಸ್ಥೆಯ ಆಶ್ರಯದಲ್ಲಿ ಎರಡು ಮಂಡಲಿಗಳಿವೆ. ಅವು ಎಚ್ಚರಿಸಬಲ್ಲವು, ಸಲಹೆ ಕೊಡಬಲ್ಲವು, ಆಜ್ಞಾಪಿಸಲಾರವು.

ಇದು ಬರಿಯ ತರ್ಕವೆಂದು ತಿಳಿಯಬೇಡಿರಿ. ೨೦೨೪ರ ಡಿಸೆಂಬರಿನ ಕೊನೆಗೆ ಚಿಲಿ ದೇಶದಿಂದ ಕಂಡ ೬೦ ಮೀಟರಿನ ಆಸುಪಾಸಿನ ಒಂದು ಕ್ಷುದ್ರಗ್ರಹವು ೨೦೩೨ರ ಡಿಸೆಂಬರ್ ೨೨ರಂದು ಭೂಮಿಗೆ ಬಡಿಯುವ ಸಂಭವವು ೨೦೨೫ರ ಫೆಬ್ರುವರಿಯಲ್ಲಿ ನೂರ‍ಕ್ಕೆ ಮೂರರ ವರೆಗೆ ಏರಿತು. ಕೆಲವೇ ದಿನಗಳಲ್ಲಿ ಹೆಚ್ಚಿನ ವೇಧದಿಂದ ಅದು ಇಲ್ಲವೆಂಬಷ್ಟಕ್ಕೆ ಇಳಿಯಿತು, ಭಯವು ತೀರಿತು. ಆದರೆ ಆ ದಿನಗಳಲ್ಲಿ ವಿದ್ವಾಂಸರು ನಕಾಶೆಯ ಮೇಲೆ ಎಳೆದ ಗೆರೆಯು ಎಲ್ಲೆಲ್ಲಿ ಹಾಯ್ದಿತ್ತು ಬಲ್ಲಿರೋ? ಶಾಂತಸಾಗರದ ಪೂರ್ವದಿಂದ ಹೊರಟು ದಕ್ಷಿಣ ಅಮೇರಿಕೆಯ ಉತ್ತರ, ಆಫ್ರಿಕ, ಅರಬ್ಬೀ ಸಮುದ್ರಗಳನ್ನು ದಾಟಿ ದಕ್ಷಿಣ ಏಶಿಯಕ್ಕೆ ಬಂದಿತ್ತು. ಆ ಗೆರೆಯ ಮೇಲಿದ್ದ ದೇಶಗಳಲ್ಲಿ ಬಹುತೇಕ ಬಡವರ ದೇಶಗಳು. ತಳ್ಳುವ ನೌಕೆಯನ್ನು ಹಾರಿಸಿ ತೋರಿಸಿದವರು ಆ ಗೆರೆಯ ಮೇಲಿರಲಿಲ್ಲ. ಅವರು ಸಹಾಯ ಮಾಡುತ್ತಿರಲಿಲ್ಲವೆಂದು ನಾವು ಹೇಳುವದಿಲ್ಲ. ಮಾಡಲೇಬೇಕೆಂಬ ಕಾಯದೆಯು ಎಲ್ಲಿಯೂ ಇಲ್ಲವೆಂದಷ್ಟೇ ಹೇಳುವೆವು.

ಅಧ್ಯಕ್ಷರು ಗಡಿಯಾರದ ಕಡೆಗೆ ನೋಡುತ್ತಿರುವರು. ಸಣ್ಣ ಕಾಯಗಳ ಮಾತೊಂದು ಉಳಿದಿದೆ. ನಮ್ಮ ಮಕ್ಕಳ ಆಯುಷ್ಯದಲ್ಲಿ ಏನಾದರೂ ಬಿದ್ದರೆ ಅದು ಸಣ್ಣದೇ ಆಗಿರುವ ಸಂಭವವು ಹೆಚ್ಚು. ೧೯೦೮ರ ಜೂನ್ ೩೦ರ ಬೆಳಿಗ್ಗೆ ಸೈಬೀರಿಯದ ತುಂಗುಸ್ಕಾ ಹೊಳೆಯ ಕಾಡಿನ ಮೇಲೆ ಐವತ್ತು ಅರುವತ್ತು ಮೀಟರಿನ ಒಂದು ಕಾಯವು ನೆಲಕ್ಕೆ ತಾಗದೆ, ಕೆಲವು ಮೈಲು ಎತ್ತರದಲ್ಲಿಯೇ ಸಿಡಿಯಿತು. ೮೦೦ ಚದರ ಮೈಲಿನ ಮೇಲ್ಪಟ್ಟ ಕಾಡು ಅಡ್ಡಬಿದ್ದಿತು. ನಾಲ್ವತ್ತು ಮೈಲು ದೂರದ ವ್ಯಾಪಾರದ ಠಾಣ್ಯದಲ್ಲಿ ಕಟ್ಟೆಯ ಮೇಲೆ ಕುಳಿತಿದ್ದವನು ಎತ್ತಿ ಒಗೆದಂತೆ ದೂರ ಬಿದ್ದನು. ಲಂಡನ್ನಿನಲ್ಲಿ ನಡುರಾತ್ರಿ ದೀಪವಿಲ್ಲದೆ ಓದಬಹುದಾದಷ್ಟು ಆಕಾಶವು ಬೆಳಗಿತು. ಹತ್ತೊಂಬತ್ತು ವರ್ಷಗಳ ಮೇಲೆ ಕೂಲಿಕನೆಂಬ ರಶಿಯದ ವಿದ್ವಾಂಸನು ಅಲ್ಲಿಗೆ ಹೋದಾಗ ಕುಳಿಯು ಸಿಕ್ಕಲಿಲ್ಲ. ಸಿಡಿತದ ಸರಿಕೆಳಗೆ ಕೊಂಬೆಗಳಿಲ್ಲದ ಮರಗಳು ಕಂಬಗಳಂತೆ ನಿಂತಿದ್ದವು, ಸುತ್ತಲಿನವು ಹೊರಮುಖವಾಗಿ ಮಲಗಿದ್ದವು. ಅದು ಧೂಮಕೇತುವಿನ ಚೂರೆಂದು ಕೆಲವರು, ಕಲ್ಲಿನದೆಂದು ಹಲವರು. ಬಿದ್ದದ್ದು ಕಾಡಿನ ಮೇಲಾದುದರಿಂದ ಸತ್ತವರು ತೀರ ಕಡಿಮೆ. ಊರ ಮೇಲಾಗಿದ್ದರೆ ಆ ಊರು ಇರುತ್ತಿರಲಿಲ್ಲ.

೨೦೧೩ರ ಫೆಬ್ರುವರಿ ೧೫ರಂದು ಊರ ಮೇಲೆಯೇ ಆಯಿತು. ರಶಿಯದ ಚೆಲ್ಯಾಬಿನ್ಸ್ಕ್ ಎಂಬ ದೊಡ್ಡ ಪಟ್ಟಣದ ಹತ್ತಿರ ಇಪ್ಪತ್ತು ಮೀಟರಿನ ಕಲ್ಲೊಂದು ಎತ್ತರದಲ್ಲಿ ಸಿಡಿಯಿತು. ಸೂರ್ಯನ ದಿಕ್ಕಿನಿಂದ ಬಂದುದರಿಂದ ಅದನ್ನು ಯಾರೂ ಮೊದಲು ಕಂಡಿರಲಿಲ್ಲ. ಸೂರ್ಯನಿಗಿಂತ ಪ್ರಖರವಾದ ಬೆಳಕು ಮಿಂಚಿತು. ಜನರು ಏನೆಂದು ನೋಡಲು ಕಿಟಕಿಗಳಿಗೆ ಓಡಿಬಂದರು. ಬೆಳಕು ಮೊದಲು ಮುಟ್ಟುವದು, ಗಾಳಿಯ ಪೆಟ್ಟು ತಡವಾಗಿ ಬರುವದು. ಅಲ್ಲಿ ಎರಡು ನಿಮಿಷಕ್ಕೂ ಹೆಚ್ಚು ತಡವಾಯಿತು. ಪೆಟ್ಟು ಬಂದಾಗ ಸಾವಿರಾರು ಕಿಟಕಿಗಳು ಒಡೆದು ನೋಡುತ್ತ ನಿಂತವರ ಮುಖಕ್ಕೇ ಗಾಜು ಹಾರಿತು. ಒಂದೂವರೆ ಸಾವಿರದಷ್ಟು ಜನರಿಗೆ ಗಾಯಗಳಾದವು. ಆ ಊರಿನ ಒಂದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ಶಿಕ್ಷಕಿಯೊಬ್ಬಳು, ಬೆಳಕು ಏತರದೆಂದು ತಿಳಿಯದಿದ್ದರೂ, ತನ್ನ ೪೪ ಮಕ್ಕಳನ್ನು ಕೂಡಲೆ ಡೆಸ್ಕುಗಳ ಕೆಳಗೆ ಅಡಗಿಸಿದಳು. ತಾನು ಮಾತ್ರ ನಿಂತೇ ಇದ್ದಳು. ಗಾಜು ಆಕೆಯ ತೋಳನ್ನು ಆಳವಾಗಿ ಕೊಯ್ದಿತು. ಮಕ್ಕಳಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ.

ನಿಮ್ಮ ಶಾಲೆಯ ಗೋಡೆಗೆ ಬೆಂಕಿಯ ಸೂಚನೆಗಳನ್ನು ಬರೆದು ಹಚ್ಚಿರುವಿರಷ್ಟೇ? ಅದರ ಕೆಳಗೆ ಇನ್ನೆರಡು ಸಾಲುಗಳಿಗೆ ಸ್ಥಳವಿರುವದು. ಆಕಾಶದಲ್ಲಿ ಕಣ್ಣು ಕುಕ್ಕುವ ಬೆಳಕು ಕಂಡರೆ ಕಿಟಕಿಯಿಂದ ದೂರ ಸರಿದು ಮೇಜಿನ ಕೆಳಗೆ ಕುಳಿತುಕೊಳ್ಳತಕ್ಕದ್ದು. ಸಪ್ಪಳವು ಬಂದುಹೋಗುವ ವರೆಗೆ, ಕಡಿಮೆಯೆಂದರೆ ಐದು ನಿಮಿಷ, ಯಾರೂ ಏಳಕೂಡದು.